ಬೆಂಡೆಹೂವಿಲ್ಲದ ನಲವತ್ತು ಪುಸ್ತಕ

"ಮೊದಲ ಆ ಹುಡುಗಿಗೆ ಒಂದು ಕುರ್ಚಿ ಕೊಡ್ರಿ. ಆಮ್ಯಾಲ ಕಳವಿನ ಮಾತು ಆಡೂಣು."

ಮಹಾದೇವಕ್ಕ ಒಳಗೆ ಕಾಲಿಡುತ್ತಲೇ ಆಡಿದ ಮಾತಿದು. ಹೆಡ್ ಮಾಸ್ತರ ನಾಗಪ್ಪನವರು ಬಾಯಿಗೆ ಒಯ್ಯುತ್ತಿದ್ದ ಚಹಾದ ಕಪ್ಪನ್ನು ಅಲ್ಲಿಗೇ ನಿಲ್ಲಿಸಿದರು. ಹಿರೇಕೊಳ್ಳದ ಪ್ರಾಥಮಿಕ ಶಾಲೆಯ ಆ ಆಫೀಸು ಕೋಣೆಯಲ್ಲಿ ಐದು ಕುರ್ಚಿಗಳಿದ್ದವು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಶಂಭುಲಿಂಗ. ಉಳಿದ ಮೂರು ಖಾಲಿ. ಆ ಖಾಲಿ ಕುರ್ಚಿಗಳ ಪಕ್ಕದಲ್ಲೇ ತಹಮೀನಾ ಗೋಡೆಗೆ ಆತು ನಿಂತಿದ್ದಳು. ಮುಂಜಾನೆ ಪ್ರಾರ್ಥನೆ ಮುಗಿದಾಗಿನಿಂದ ಹಾಗೇ ನಿಂತಿದ್ದಳು.

"ವಿಚಾರಣಿ ನಡದೈತ್ರಿ," ಎಂದರು ನಾಗಪ್ಪ ಮಾಸ್ತರರು.

"ವಿಚಾರಣಿ ಅಂದ್ರ ನಿಂದರಸೋದು ಅಂತ ಯಾರ ಹೇಳ್ಯಾರ್ರಿ? ಹಂಗಿದ್ರ ನೀವೂ ಏಳ್ರಿ. ಎಲ್ಲಾರೂ ನಿಂತ ಮಾತಾಡೂಣು."

ಯಾರೂ ಏಳಲಿಲ್ಲ. ಮಹಾದೇವಕ್ಕ ತಾನೇ ಒಂದು ಕುರ್ಚಿಯನ್ನು ದರದರ ಎಳೆದು ತಂದು, ತಹಮೀನಾಳ ಭುಜ ಒತ್ತಿ ಕೂರಿಸಿದಳು. ಅರವತ್ತಮೂರರ ಹೆಂಗಸು. ಹಾನಗಲ್ಲಿನಿಂದ ತಿಳವಳ್ಳಿಗೆ ಒಂದು ಬಸ್ಸು, ತಿಳವಳ್ಳಿಯಿಂದ ಇಲ್ಲಿಗೆ ಇನ್ನೊಂದು. ಎರಡನೆಯದರಲ್ಲಿ ಕಂಬ ಹಿಡಿದು ನಿಂತೇ ಬಂದಿದ್ದಳು. ಸಿಟ್ಟು ಮಾತ್ರ ಮನೆಯಿಂದಲೇ ಜೊತೆಗಿತ್ತು.

ಸೋಮವಾರ ಈ ಶಾಲೆಯ ಕಪಾಟಿನಿಂದ ಇನ್ನೂರ ಹನ್ನೆರಡು ಪುಸ್ತಕ ಮಾಯವಾಗಿದ್ದವು, ಗುರುವಾರ ಅವುಗಳಲ್ಲಿ ನಲವತ್ತು ಸವಣೂರಿನ ಖಾದರಸಾಬನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದವು, ಇಂದು ಶನಿವಾರ.

ತಹಮೀನಾ ಈ ಶಾಲೆಯ ಅತಿಥಿ ಶಿಕ್ಷಕಿ. ಓದು ಕಲಿಸುವುದು, ಪುಸ್ತಕದ ಕೋಣೆ ನೋಡಿಕೊಳ್ಳುವುದು ಅವಳ ಕೆಲಸ. ಮೇಜಿನ ಮೇಲೆ ಅವಳ ಹೆಸರಿನ ತಪ್ಪೊಪ್ಪಿಗೆ ಪತ್ರ ಟೈಪಾಗಿ ಸಿದ್ಧವಾಗಿ ಕೂತಿತ್ತು. ಶಾಲೆ ಬಿಡುವುದರೊಳಗೆ ಸಹಿ ಮಾಡಿದರೆ ಊರು ಬಿಟ್ಟು ಹೋಗಬಹುದು, ಮಾಡದಿದ್ದರೆ ಪೊಲೀಸ್ ದೂರು. ಎರಡರಲ್ಲಿ ಯಾವುದಾದರೂ ಸರಿ, ಅವಳು ಇನ್ನು ಯಾವ ಶಾಲೆಯ ಮೆಟ್ಟಿಲೂ ಹತ್ತುವಂತಿಲ್ಲ. ತಪ್ಪು ಯಾರದೆಂದು ಪತ್ತೆಯೇ ಆಗಿಲ್ಲ, ಒಪ್ಪಿಗೆ ಮಾತ್ರ ಆಗಲೇ ಟೈಪಾಗಿದೆ! ಮಹಾದೇವಕ್ಕ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಮಗುಚಿ ಇಟ್ಟಳು.

"ಚಹಾ ಆರಾಕತ್ತೈತಿ ಅಕ್ಕಾರ, ಕುಡೀರಿ," ಎಂದ ಶಂಭುಲಿಂಗ. ಮೆತ್ತನೆಯ ದನಿಯ ಮನುಷ್ಯ. ಫೋನನ್ನೂ ಕೀಲಿಕೈಗಳ ಗೊಂಚಲನ್ನೂ ಮೇಜಿನ ಮೇಲಿಟ್ಟು, ತಾನೇ ಕಪ್ಪನ್ನು ಅವಳತ್ತ ಸರಿಸಿದ. "ನೀವು ರಿಟೈರ್ ಆದಾಗ ನಿಮ್ಮ ಕೊರಳಿಗೆ ಹಾರಾ ಹಾಕಿದ ಕೈರಿ ಇದು. ನಿಮ್ಮ ಮ್ಯಾಲ ನನಗ ಭಾಳ ಗೌರವ ಐತಿ."

ಅದು ಸುಳ್ಳಲ್ಲ. ಹಾನಗಲ್ಲಿನ ಗಂಗವ್ವ ವಾಚನಾಲಯಕ್ಕೆ ಮಹಾದೇವಕ್ಕ ಕಸ ಗುಡಿಸಲು ಸೇರಿದಾಗ ಅವಳಿಗೆ ಇಪ್ಪತ್ತೆರಡು. ಅಕ್ಷರ ಬರುತ್ತಿರಲಿಲ್ಲ. ಕಪಾಟು ಒರೆಸುತ್ತ ಒರೆಸುತ್ತ, ಹೆಸರುಗಳ ಮೇಲೆ ಬೆರಳಾಡಿಸುತ್ತ ಓದು ಕಲಿತು, ಮೂವತ್ತೆಂಟು ವರ್ಷದ ಸೇವೆ ಮುಗಿಯುವ ಹೊತ್ತಿಗೆ ಅದೇ ವಾಚನಾಲಯವನ್ನು ನಡೆಸುವವಳಾಗಿದ್ದಳು. ಮೂರು ವರ್ಷದ ಹಿಂದೆ, ನಿವೃತ್ತಿಯ ದಿನ, ವಾಚನಾಲಯದ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದ ಇದೇ ಶಂಭುಲಿಂಗನ ಅಂಗೈಯಲ್ಲಿ ಬಾಗಿಲ ಕೀಲಿಕೈ ಇಟ್ಟು ಬಂದಿದ್ದಳು. ಗುರುತಿಗೆಂದು ತಾನೇ ಕಟ್ಟಿದ್ದ ಕೆಂಪು ದಾರ ಅದರಲ್ಲಿ ಹಾಗೇ ಇತ್ತು.

ಮೂರು ತಿಂಗಳಿಗೆ ವಾಚನಾಲಯ ಮುಚ್ಚಿತು. ಓದುವವರು ಬರುವುದಿಲ್ಲವಂತೆ. ಬರುವುದಿಲ್ಲ ಎಂದವರು ಎಂದೂ ಬಂದು ನೋಡಿದವರಲ್ಲ.

ಅಲ್ಲಿಗೆ ಬರುತ್ತಿದ್ದವರಲ್ಲಿ ತಹಮೀನಾ ಒಬ್ಬಳು. ಸವಣೂರಿನ ಹುಡುಗಿ, ಶಿಕ್ಷಕಿಯ ತರಬೇತಿಗೆಂದು ಹಾನಗಲ್ಲಿನಲ್ಲಿ ಎರಡು ವರ್ಷ ಇದ್ದಾಗ ದಿನಾ ಸಂಜೆ ಕಪಾಟಿನ ಬುಡದಲ್ಲಿ ಕೂತು ಓದುತ್ತಿದ್ದಳು. ಪುಸ್ತಕ ಹೇಗೆ ಜೋಡಿಸಬೇಕು, ಹೇಗೆ ಹುಡುಕಬೇಕು, ಹೇಗೆ ಹೊಲಿಯಬೇಕು ಎಲ್ಲ ಮಹಾದೇವಕ್ಕನಿಂದಲೇ ಕಲಿತದ್ದು. ಕಳವಿನ ಆರೋಪ ತಲೆಗೆ ಬಂದಾಗ ಅವಳು ಮೊದಲು ಫೋನ್ ಮಾಡಿದ್ದೂ ಈ ಅಕ್ಕನಿಗೇ.

"ಸಾಕ್ಷಿ ಏನೈತ್ರಿ ನಿಮ್ಮ ಹತ್ರ?" ಎಂದಳು ಮಹಾದೇವಕ್ಕ.

"ಇನ್ನೇನ್ ಬೇಕ್ರಿ?" ನಾಗಪ್ಪ ಮಾಸ್ತರರು ಮೇಜಿನ ಮೇಲಿನ ಪುಸ್ತಕಗಳ ಸಾಲನ್ನು ಅಂಗೈಯಿಂದ ಬಡಿದರು. "ನಲವತ್ತು ಪುಸ್ತಕ. ಎಲ್ಲಾದರ ಮೊದಲನೇ ಹಾಳಿ ಮ್ಯಾಲೂ ನಮ್ಮ ಸಾಲಿ ಹೆಸರಿನ ಸಿಕ್ಕಾ ಒತ್ತೇತಿ. ಸಿಕ್ಕಿದ್ದು ಸವಣೂರಾಗ. ಈಕಿನೂ ಸವಣೂರಾಕಿ. ಅಂಗಡಿಯಂವನೂ ಅವರ ಪೈಕಿನ. ಇದಕ್ಕ ಮತ್ತ ಪತ್ತೇದಾರಿ ಯಾಕ ಬೇಕು?"

ಮಹಾದೇವಕ್ಕನ ಕಿವಿ ಕೆಂಪಾಯಿತು. ಸವಣೂರಿನಲ್ಲಿ ಸಾವಿರಾರು ಮನೆಗಳಿವೆ. ಆ ಊರಿನಲ್ಲಿ ಹುಟ್ಟಿದ್ದೇ ಸಾಕ್ಷಿಯಾದರೆ ಊರಿಗೆ ಊರನ್ನೇ ತಂದು ಈ ಗೋಡೆಗೆ ನಿಲ್ಲಿಸಬೇಕಾಗುತ್ತದೆ.

"ನಿನ್ನೆ ನಾ ಸವಣೂರಿಗೆ ಹೋಗಿದ್ದೆ," ಎಂದಳು. "ಖಾದರಸಾಬನ್ನ ಕಂಡ ಬಂದೇನಿ. ನಿಮಗ ಫೋನ್ ಮಾಡಿ ತಿಳಿಸಿದಂವ ಯಾರ್ರಿ?"

ನಾಗಪ್ಪ ಮಾಸ್ತರರು ಕಪ್ಪಿನೊಳಗೆ ನೋಡಿದರು.

"ಅಂವನ! ಸಿಕ್ಕಾ ನೋಡಿ, ಸಾಲಿ ಹುಡುಗೂರ ಪುಸ್ತಕ ಅಂತ ಮರುಗಿ, ನಂಬರ್ ಹುಡುಕಿ ಫೋನ್ ಮಾಡಿದಂವ ಅಂವ. ಅಂವನ್ನ ಕಳ್ಳ ಮಾಡೀರಿ. ಬುಧವಾರ ಮುಂಜಾನಿ ಅಂಗಡಿ ತಗಿಯೂದಕ್ಕಿಂತ ಮೊದಲ ಯಾರೋ ಗಂಟು ಕಟ್ಟಿ ಬಾಗಲದಾಗ ಇಟ್ಟು ಹೋಗ್ಯಾರ. ತೂಕಾ ಮಾಡಸಾಕ ಯಾರೂ ಬಂದಿಲ್ಲ, ಒಂದು ರೂಪಾಯಿ ಕೇಳಿಲ್ಲ. ಮಾರಾಕ ಕದ್ದಾಕಿ ರೊಕ್ಕ ಬಿಟ್ಟು ಹೋಗ್ತಾಳೇನ್ರಿ?"

"ಗಡಿಬಿಡಿ ಆಗಿರಬೇಕು," ಎಂದರು ಮಾಸ್ತರರು.

"ನಾ ಏನ್ ಹೇಳ್ತೇನಿ ಅಂದ್ರ," ಶಂಭುಲಿಂಗ ನಡುವೆ ಬಂದ, "ಸಣ್ಣ ಹುಡುಗಿ, ತಪ್ಪು ಆಗೇತಿ. ಸಹಿ ಮಾಡಿ ಹೋಗಲಿ. ಪೊಲೀಸ್ ಗಿಲೀಸ್ ಬ್ಯಾಡ. ಪುಸ್ತಕದ ಖೋಲಿ ಹೆಂಗೂ ಖಾಲಿ ಆತು, ರೋಡಿಗೆ ಹತ್ತಿ ಐತಿ. ಬ್ಯಾರೆ ಏನರ ಉಪಯೋಗ ಮಾಡೂಣು."

ಮಹಾದೇವಕ್ಕ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು. ಸಾಲಿನಿಂದ ಒಂದು ಪುಸ್ತಕ ಎತ್ತಿಕೊಂಡಳು. 'ಇರುವೆಯ ಕೊಡೆ.' ಮೂವತ್ತೆರಡು ಪುಟದ ಚಿತ್ರಕತೆ. ಮೂಗಿಗೆ ಹಿಡಿದಳು. ಬರೀ ಮಸಿಯ ವಾಸನೆ, ಮತ್ತು ಮುಚ್ಚಿಟ್ಟ ಕೋಣೆಯ ಮುಗ್ಗಲು. ತೆರೆದಳು. ಪುಸ್ತಕದ ಬೆನ್ನು ಲಟಕ್ಕೆಂದಿತು.

ಅವಳಿಗೆ ಆ ಸದ್ದು ಚೆನ್ನಾಗಿ ಗೊತ್ತು. ಯಾರೂ ಕೂತು ಓದದ ಪುಸ್ತಕವನ್ನು ಅಗಲಿಸಿದಾಗ ಮಾತ್ರ ಬರುವ ಸದ್ದು ಅದು. ಎರಡನೆಯದನ್ನು ತೆರೆದಳು, ಮೂರನೆಯದನ್ನು ತೆರೆದಳು. ಎಲ್ಲ ಲಟಕ್, ಲಟಕ್.

"ತಹಮೀನಾ, ಪುಸ್ತಕ ಒಯ್ದವರ ವಹಿ ಎಲ್ಲೈತವ್ವಾ?"

ತಹಮೀನಾ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದು ಕೊಟ್ಟಳು. "ಇರುವೆಯ ಕೊಡೆ ಭಾಳ ಓಡಿದ ಪುಸ್ತಕರಿ ಅಕ್ಕಾ. ಜೂನ್‌ದಿಂದ ಹನ್ನೊಂದು ಹುಡುಗೂರು ಒಯ್ದಾರ."

"ಕೇಳಿದ್ರೇನ್ರಿ? ಹನ್ನೊಂದು ಹುಡುಗೂರು ಓದಿದ ಪುಸ್ತಕ ಮೊದಲನೇ ಸಲ ತಗದಂಗ ಸಪ್ಪಳ ಮಾಡಾಕತ್ತೈತಿ."

"ವಹಿದಾಗ ಬರಿಯೂದಕ್ಕೇನ್ರಿ, ಏನ್ ಬೇಕಾದ್ರೂ ಬರೀಬಹುದು," ಎಂದರು ನಾಗಪ್ಪ ಮಾಸ್ತರರು. "ಒಯ್ದು ಮನಿಯಾಗ ಇಟ್ಟು ತಂದಿರತಾವ. ಈ ಹುಡುಗೂರು ಎಲ್ಲಿ ಓದ್ತಾವ್ರಿ? ಈಕಿ ಬರೂ ಮುಂಚೆ ಆರು ವರ್ಷ ಕಪಾಟಿಗೆ ಕೀಲಿ ಇತ್ತು. ಒಂದು ಪುಸ್ತಕ ಕಳದಿದ್ದಿಲ್ಲ, ಒಂದು ಹಾಳಿ ಹರದಿದ್ದಿಲ್ಲ. ಸಾಹೇಬರು ಬಂದಾಗ ತಗದು ತೋರಸಿದ್ರ ಫಳಫಳ ಅಂತಿದ್ವು!"

ಹೆಮ್ಮೆಯಿಂದ ಹೇಳಿದರು ಮಹಾರಾಯರು. ಆರು ವರ್ಷ! ಆರು ವರ್ಷದಲ್ಲಿ ಒಂದನೆಯ ಇಯತ್ತೆಗೆ ಬಂದ ಕೂಸು ಹೈಸ್ಕೂಲಿನ ಹೊಸಿಲಿಗೆ ಹೋಗಿ ನಿಂತಿರುತ್ತದೆ. ಕಪಾಟಿನ ಗಾಜಿನಾಚೆ ಪುಸ್ತಕ, ಗಾಜಿನೀಚೆ ಮಕ್ಕಳು, ನಡುವೆ ಒಂದು ಬೀಗ, ಆ ಬೀಗದ ಮೇಲೆ ಈ ಮನುಷ್ಯನ ಹೆಮ್ಮೆ.

"ಒಂದು ಹುಡುಗೀನ್ನ ಕರೀರಿ," ಎಂದಳು ಮಹಾದೇವಕ್ಕ. "ಈ ವಹಿದಾಗ ಹೆಸರ ಇದ್ದಾಕಿನ್ನ. ಐಶ್ವರ್ಯ, ಮೂರನೇ ಇಯತ್ತೆ."

ಐಶ್ವರ್ಯ ಬಂದಳು. ಎರಡು ಜಡೆ, ಒಂದಕ್ಕೆ ರಿಬ್ಬನ್ನು, ಇನ್ನೊಂದಕ್ಕೆ ಇಲ್ಲ. ಬಾಗಿಲಲ್ಲಿ ಹೆಡ್ ಮಾಸ್ತರರನ್ನು ನೋಡಿ ಅಲ್ಲೇ ನಿಂತಳು. ಆಮೇಲೆ ತಹಮೀನಾಳನ್ನು ನೋಡಿ, ಓಡಿ ಬಂದು ಅವಳ ಕುರ್ಚಿಯ ತೋಳು ಹಿಡಿದುಕೊಂಡಳು.

"ಈ ಪುಸ್ತಕ ಓದೀಯೇನವ್ವಾ?"

"ಹೂಂರಿ ಅಜ್ಜಿ. ಎರಡ ಸಲ."

"ನೋಡು. ಇದು ನಿಮ್ಮದ ಹೌದಲ್ಲ?"

ಹುಡುಗಿ ಪುಸ್ತಕ ಕೈಗೆ ತೆಗೆದುಕೊಂಡಳು. ಹೊದಿಕೆಯನ್ನು ನೋಡಲಿಲ್ಲ, ಮೊದಲ ಪುಟದ ಮೊಹರನ್ನೂ ನೋಡಲಿಲ್ಲ. ನೇರವಾಗಿ ಹನ್ನೊಂದನೆಯ ಪುಟಕ್ಕೆ ಹೋದಳು. ಅಲ್ಲಿ ನೋಡಿ ಮುಖ ಸಣ್ಣದು ಮಾಡಿದಳು.

"ಇದು ನಮ್ಮದಲ್ರಿ. ಹೂವ ಇಲ್ಲ."

"ಯಾವ ಹೂವ?" ಗದರಿದರು ನಾಗಪ್ಪ ಮಾಸ್ತರರು.

ಹುಡುಗಿ ಬೆದರಿದಳು. ಉತ್ತರವನ್ನು ತಹಮೀನಾ ಕೊಟ್ಟಳು. "ಗುಟ್ಟಿನ ಪುಟ ಸರ್. ವಾಚನಾಲಯದಾಗ ಹಂಗ ಮಾಡ್ತಾರ. ಮೊದಲನೇ ಹಾಳಿ ಯಾರರ ಹರದ್ರೂ ಪುಸ್ತಕ ನಮ್ಮದು ಅಂತ ಗೊತ್ತಾಗಬೇಕಲ್ರಿ, ಅದಕ್ಕ ಒಳಗಿನ ಒಂದು ಪುಟದಾಗ ಗುರುತ ಹಾಕೂದು. ಹುಡುಗೂರು ಹನ್ನೊಂದನೇ ಪುಟ ಆರಿಸಿದ್ರು. ಸಿಕ್ಕಾ ನಿಮ್ಮ ಡ್ರಾದಾಗ ಇರತೈತಿ. ಅದಕ್ಕ ನಾವು ಅಡಗಿ ಮಾಡೂ ಶಾಕೀರಾ ಕೊಟ್ಟ ಬೆಂಡಿಕಾಯಿ ಅಡ್ಡ ಕೊಯ್ದು, ಮಸಿಯಾಗ ಅದ್ದಿ ಒತ್ತಿದ್ವಿ. ಹೂವಿನಂಗ ಬೀಳತೈತಿ. ಎಲ್ಲಾ ಇನ್ನೂರ ಹನ್ನೆರಡು ಪುಸ್ತಕಕ್ಕೂ ಒತ್ತೇವಿ."

"ಸರಕಾರಿ ಪುಸ್ತಕದ ಮ್ಯಾಲ ಬೆಂಡಿಕಾಯಿ!" ನಾಗಪ್ಪ ಮಾಸ್ತರರು ಎದ್ದೇ ನಿಂತರು. "ಯಾರನ್ನ ಕೇಳಿ ಒತ್ತಿದಿ?"

"ನಿಮ್ಮನ್ನ ಕರದಿದ್ದೆ ಸರ್. ಮೂರ ಸಲ. ಪುಸ್ತಕದ ಖೋಲಿಗೆ ಬರಾಕ ಪುರಸೊತ್ತಿಲ್ಲ ಅಂದ್ರಿ."

ಮಹಾದೇವಕ್ಕ ಉಳಿದ ಪುಸ್ತಕಗಳನ್ನು ಒಂದೊಂದಾಗಿ ಎಳೆದು, ಹನ್ನೊಂದನೆಯ ಪುಟ ತೆರೆದು, ಮಾಸ್ತರರ ಮುಂದೆ ಇಡುತ್ತ ಹೋದಳು. ಹೂವಿಲ್ಲ. ಇದರಲ್ಲೂ ಇಲ್ಲ. ಇದರಲ್ಲೂ. ಎಂಟನೆಯದಕ್ಕೆ ಬಂದಾಗ ಮಾಸ್ತರರು ಮೆಲ್ಲಗೆ ಕೂತರು.

"ನಿಮ್ಮ ಸಾಲ್ಯಾಗ ಬೆಂಡಿಹೂವ ಯಾವ ಪುಟದಾಗ ಐತಿ ಅಂತ ಮೂರನೇ ಇಯತ್ತೆ ಕೂಸಿಗೆ ಗೊತ್ತೈತಿ, ಅಡಗಿ ಮಾಡೂ ಶಾಕೀರಾಗೂ ಗೊತ್ತೈತಿ, ಬೆಂಡಿಕಾಯಿ ಕೊಟ್ಟಾಕಿ ಆಕಿನ. ಗೊತ್ತಿಲ್ಲದವರು ನೀವೊಬ್ಬರ!" ಮಹಾದೇವಕ್ಕನ ದನಿ ಏರಿತು. "ಕಳವಾದ ಪುಸ್ತಕಾನೂ ಇವಲ್ಲ, ಈಕಿ ಕಳ್ಳಿನೂ ಅಲ್ಲ. ಹೊರಗಿಂದ ಹೊಸಾ ಪುಸ್ತಕ ತಂದು, ನಿಮ್ಮ ಸಿಕ್ಕಾ ಒತ್ತಿ, ಸವಣೂರಾಗ ಒಗದಾರ. ಈಕಿ ಊರು ಹುಡುಕಿ ಒಗದಾರ! ನೀವು ಒಂದು ಪುಸ್ತಕ ಸೈತ ತಗದು ನೋಡದ ಕಾಗದಾ ಟೈಪ್ ಮಾಡಿಸೀರಿ. ನಾಚಿಕಿ ಬರಂಗಿಲ್ಲೇನ್ರಿ?"

ತಹಮೀನಾ ಮುಖ ಮುಚ್ಚಿಕೊಂಡಳು. ವಾರವಿಡೀ ತಡೆದದ್ದು ಈಗ ಬಂತು. ಐಶ್ವರ್ಯ ಏನೂ ತಿಳಿಯದೆ ಅವಳ ಬೆನ್ನು ಸವರತೊಡಗಿದಳು.

"ಸಿಕ್ಕಾ ಯಾರ ಕೈಗೆ ಕೊಟ್ಟಿದ್ರಿ?"

"ಯಾರಿಗೂ ಇಲ್ರಿ," ಮಾಸ್ತರರು ತಡವರಿಸಿದರು. "ಅಂದ್ರ... ಹೋದ ವಾರ ಅಧ್ಯಕ್ಷರು ಒಂದ ದಿನ ಒಯ್ದಿದ್ರು. ಸಮಿತಿ ಕಾಗದಕ್ಕ."

"ಹೌದ್ರಿ, ಒಯ್ದಿದ್ದೆ. ತಿರಗಿ ಕೊಟ್ಟೇನಿ," ಎಂದ ಶಂಭುಲಿಂಗ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಹಾಗಾದರೆ ಈ ಪುಸ್ತಕಗಳು ಯಾರವು? ಮಹಾದೇವಕ್ಕ 'ಇರುವೆಯ ಕೊಡೆ'ಯನ್ನು ಮತ್ತೆ ಕೈಗೆತ್ತಿಕೊಂಡಳು. ಯೋಚನೆ ಎಲ್ಲೋ ಇತ್ತು. ಬೆರಳುಗಳು ತಮ್ಮ ಪಾಡಿಗೆ ಪುಟ ಮಗುಚಿದವು, ಮೂವತ್ತೆಂಟು ವರ್ಷ ಮಗುಚಿದ ಹಾಗೆ. ಇಪ್ಪತ್ತಾರನೆಯ ಪುಟಕ್ಕೆ ಬಂದು ನಿಂತವು.

ಪುಟದ ಬುಡದಲ್ಲಿ ನೇರಳೆ ಮಸಿಯಲ್ಲಿ ಒಂದು ಸಾಲು. ಗುಂಡಗಿನ, ದೊಡ್ಡ, ಒಂದಕ್ಕೊಂದು ತಾಗದ ಅಕ್ಷರ. ತಡವಾಗಿ ಬರೆಯಲು ಕಲಿತವರ ಅಕ್ಷರ.

ಅವಳದೇ ಅಕ್ಷರ. ಕೆಳಗೆ ತಾರೀಖು, ಮೇ ಮೂವತ್ತೊಂದು. ಅವಳು ನಿವೃತ್ತಳಾದ ದಿನ.

ಆ ದಿನ ಮುಂಜಾನೆ ವಾಚನಾಲಯಕ್ಕೆ ಮಕ್ಕಳ ಪುಸ್ತಕದ ಐದು ಗಂಟು ಬಂದಿದ್ದವು. ಎಲ್ಲರೂ ಮೊಹರನ್ನು ಮೊದಲ ಪುಟದಿಂದ ಒತ್ತುತ್ತ ಬರುತ್ತಾರೆ. ಅವಳ ರೂಢಿ ಉಲ್ಟಾ. ಮೊದಲು ಗುಟ್ಟಿನ ಪುಟಕ್ಕೆ, ಅಂದರೆ ಇಪ್ಪತ್ತಾರಕ್ಕೆ, ತನ್ನ ಹೆಸರು, ವಾಚನಾಲಯದ ಹೆಸರು, ತಾರೀಖು. ಮೊದಲ ಪುಟದ ಮೊಹರು ಆಮೇಲೆ. ಅಂದು ಹೆಸರು ಬರೆದು ಮುಗಿಸುವಷ್ಟರಲ್ಲಿ ಹಾರ, ಶಾಲು, ಭಾಷಣ ಶುರುವಾದವು. ಮೊಹರು ನಾಳೆ ಬರುವವರು ಒತ್ತಲಿ ಎಂದು ಬಿಟ್ಟಳು. ಅವಳ ಜಾಗಕ್ಕೆ ಯಾರೂ ಬರಲೇ ಇಲ್ಲ. ಪುಸ್ತಕ ಏನಾದವು ಎಂದು ಆಮೇಲೆ ಶಂಭುಲಿಂಗನನ್ನು ಕೇಳಿದಾಗ ಸಿಕ್ಕ ಉತ್ತರ, "ಎಲ್ಲಾ ಸಾಲಿ ಹುಡುಗೂರಿಗೆ ಹಂಚೇವಿ ಅಕ್ಕಾರ."

ನಂಬಿದ್ದಳು! ಒಮ್ಮೆ ಹೋಗಿ ಬಾಗಿಲು ತೆಗೆಸಿ ನೋಡಲಿಲ್ಲ. ಒಂದು ಪುಸ್ತಕವನ್ನೂ ತೆಗೆದು ನೋಡಲಿಲ್ಲವೆಂದು ಈಗಷ್ಟೇ ಮಾಸ್ತರನನ್ನು ಬೈದ ಬಾಯಿ ಇದು. ತಾನು ನೋಡಿದ್ದಳೇ? ಅವಳ ಸಿಟ್ಟು ಈಗ ಅವಳನ್ನೇ ಹಿಡಿದುಕೊಂಡಿತು.

"ಮುಚ್ಚಿಬಿಡ್ರಿ ಅಕ್ಕಾರ."

ಶಂಭುಲಿಂಗ ಮೇಜಿನಾಚೆಯಿಂದ ಬಾಗಿ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ. "ಅದರಾಗ ಇರೂ ಸಹಿ ನಿಮ್ಮದು. ವಾಚನಾಲಯದ ಪುಸ್ತಕ ಕದ್ದು ಹೊರಗ ಬಿಟ್ಟಾಕಿ ನೀವ ಆಗ್ತೀರಿ. ಆಕಿನ್ನ ಉಳಸಾಕ ಹೋಗಿ ಈ ವಯಸ್ಸಿನಾಗ ಹೆಸರು ಕಳಕೋಬ್ಯಾಡ್ರಿ."

ಪುಸ್ತಕ ಮಹಾದೇವಕ್ಕನ ಕಡೆಗೆ ತೆರೆದಿತ್ತು. ಶಂಭುಲಿಂಗನಿಗೆ ಕಾಣುತ್ತಿದ್ದದ್ದು ಬರೀ ಹೊದಿಕೆ. ಓದುವ ಕನ್ನಡಕವೂ ಜೇಬಿನಲ್ಲಿತ್ತು. ಸಹಿ ಇದೆಯೆಂದು ಇನ್ನೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವನಿಗೆ ಮೊದಲೇ ಗೊತ್ತಿತ್ತು. ಅವಳು ಇಲ್ಲಿಗೆ ಬರುತ್ತಾಳೆಂದೂ ಗೊತ್ತಿತ್ತು. ಬಾಯಿ ಕಟ್ಟಲೆಂದೇ ಅವಳ ಹೆಸರಿದ್ದ ಪುಸ್ತಕ ಆರಿಸಿದ್ದ.

"ಏನ್ ಕಂಡ್ರಿ?" ನಾಗಪ್ಪ ಮಾಸ್ತರರಿಗೆ ಧೈರ್ಯ ಮರಳಿತ್ತು. "ಇಷ್ಟೊತ್ತು ಒದರಿದ್ರಿ, ಈಗ ಯಾಕ ಗಪ್ ಆದ್ರಿ? ಹೇಳ್ರಿ, ಯಾರ ಪುಸ್ತಕ ಅವು? ಹೇಳಾಕ ಬರದಿದ್ರ ಈಕಿ ಸಹಿ ಮಾಡಲಿ."

ಮಗುಚಿಟ್ಟಿದ್ದ ತಪ್ಪೊಪ್ಪಿಗೆ ಪತ್ರವನ್ನು ಅವರು ಮತ್ತೆ ನೇರ ಮಾಡಿದರು. ಪೆನ್ನಿನ ಟೋಪಿ ತೆಗೆದು ತಹಮೀನಾಳ ಮುಂದೆ ಇಟ್ಟರು. ತಹಮೀನಾ ಕಣ್ಣೊರೆಸಿಕೊಂಡು ಮಹಾದೇವಕ್ಕನನ್ನು ನೋಡಿದಳು.

ಕಸ ಗುಡಿಸಲು ಬಂದವಳಿಗೆ ಈ ಹೆಸರನ್ನು ಬರೆಯಲು ಕಲಿಯಲಿಕ್ಕೇ ಒಂದು ವರ್ಷ ಹಿಡಿದಿತ್ತು. ಮೂವತ್ತೆಂಟು ವರ್ಷ ಅದಕ್ಕೆ ಒಂದು ಕಲೆ ತಾಗದಂತೆ ನೋಡಿಕೊಂಡಿದ್ದಳು. ಈ ಪುಸ್ತಕ ಮುಚ್ಚಿದರೆ ಹೆಸರು ಉಳಿಯುತ್ತದೆ, ಹುಡುಗಿ ಹೋಗುತ್ತಾಳೆ, ಕಪಾಟಿಗೆ ಮತ್ತೆ ಬೀಗ ಬೀಳುತ್ತದೆ.

"ಐಶ್ವರ್ಯ, ಇಲ್ಲಿ ಬಾರವ್ವಾ," ಎಂದಳು. ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟಳು. "ಕೆಳಗ ನೇರಳಿ ಮಸಿಯಾಗ ಬರದೈತಿ ನೋಡು. ನಿಮ್ಮ ಟೀಚರ್ ಹೆಂಗ ಕಲಿಸ್ಯಾರ, ಹಂಗ ಓದು. ದೊಡ್ಡ ದನಿ ತಗದ ಓದು, ಎಲ್ಲಾರಿಗೂ ಕೇಳಬೇಕು."

"ಅಕ್ಕಾರ!" ಶಂಭುಲಿಂಗನ ಮೆತ್ತನೆಯ ದನಿ ಮೊದಲ ಸಲ ಒಡೆಯಿತು.

ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟಳು. ಕಳೆದ ವರ್ಷ ಇದೇ ಹುಡುಗಿಗೆ ಎರಡಕ್ಷರ ಕೂಡಿಸಲು ಬರುತ್ತಿರಲಿಲ್ಲ. "ಮ... ಹಾ... ದೇ... ವ... ಕ್ಕ. ಮಹಾದೇವಕ್ಕ. ಗಂಗವ್ವ ವಾಚನಾಲಯ, ಹಾನಗಲ್ಲ."

ನಾಗಪ್ಪ ಮಾಸ್ತರರ ಕೈ ಫೋನಿನತ್ತ ಹೋಯಿತು. "ಹಂಗಂದ್ರ ಕಳ್ಳಿ ಈ ಖೋಲ್ಯಾಗ ಅದಾಳ. ಪೊಲೀಸರಿಗೆ ಹೇಳೂ ಹೆಸರ ಬದಲಾತು, ಅಷ್ಟ."

"ಹೇಳ್ರಿ," ಎಂದಳು ಮಹಾದೇವಕ್ಕ. "ಲಗೂನ ಹೇಳ್ರಿ. ಆ ಕಾಗದದಾಗ ತಹಮೀನಾನ ಹೆಸರ ಹೊಡದ ಹಾಕಿ ನನ್ನ ಹೆಸರ ಬರೀರಿ."

ಐಶ್ವರ್ಯ ಇನ್ನೂ ಪುಸ್ತಕ ಹಿಡಿದೇ ನಿಂತಿದ್ದಳು. ಹುಬ್ಬು ಗಂಟಿಕ್ಕಿತ್ತು.

"ಅಜ್ಜಿ, ಇವು ನಿಮ್ಮ ಪುಸ್ತಕ ಅಂದ್ರ, ನಮ್ಮವು ಎಲ್ಲಿ ಅದಾವ್ರಿ?"

ಮಹಾದೇವಕ್ಕ ಹುಡುಗಿಯನ್ನು ನೋಡಲಿಲ್ಲ. ಮೇಜಿನ ಮೇಲಿನ ಕೀಲಿಕೈ ಗೊಂಚಲನ್ನು ನೋಡುತ್ತಿದ್ದಳು. ಮೂರು ವರ್ಷದಿಂದ ಮುಚ್ಚಿದ ವಾಚನಾಲಯದ ಬಾಗಿಲಿನ ಕೀಲಿಕೈ ಅದರಲ್ಲಿತ್ತು, ಅವಳು ಕಟ್ಟಿದ ಕೆಂಪು ದಾರದ ಸಮೇತ. ದಿನಾ ಬಳಸಿ ಬಳಸಿ ಅದು ಫಳಫಳ ಹೊಳೆಯುತ್ತಿತ್ತು.

ಶಂಭುಲಿಂಗನ ಅಂಗೈ ಮೆಲ್ಲಗೆ ಬಂದು ಅದರ ಮೇಲೆ ಕೂತಿತು.